ಸೊಪ್ಪಿಗೆ ವಿಷ ಬೇಡ, ಹಿಟ್ಟು ತಿಗಣೆಗೆ ಶತ್ರು ಬೇಕು

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿ, ಸಾತನೂರು ಸುತ್ತಿನ ರೇಷ್ಮೆ ಬೆಳೆಗಾರರಿಗೆ ತರಕಾರಿ ಬೆಳೆಗಾರರಿಗಿಲ್ಲದ ಒಂದು ಇಕ್ಕಟ್ಟಿದೆ. ಹಿಪ್ಪುನೇರಳೆ ತೋಟದಲ್ಲಿ ನಾವು ಕೊಲ್ಲಬೇಕೆಂದಿರುವುದೂ ಕೀಟ, ಆ ಸೊಪ್ಪು ತಿಂದು ನಮ್ಮ ಮನೆ ನಡೆಸುವುದೂ ಕೀಟ. ತಿಗಣೆಗೆಂದು ಹೊಡೆದ ಔಷಧಿಯ ಅಂಶ ಎಲೆಯಲ್ಲಿ ಉಳಿದರೆ ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ಮುಟ್ಟಿದ ಸ್ವಲ್ಪ ಹೊತ್ತಿಗೇ ವಾಂತಿ ಮಾಡಿಕೊಂಡು ಮುದುಡಿ ಬೀಳುತ್ತದೆ; ಗೂಡು ರಾಮನಗರದ ಮಾರುಕಟ್ಟೆ ಮುಟ್ಟುವ ಮಾತೇ ಇಲ್ಲ. ಬೇಗ ಕರಗಿಹೋಗುತ್ತದೆ ಎಂಬ ಕಾರಣಕ್ಕೆ ಬಹುಕಾಲ ಬಳಕೆಯಲ್ಲಿದ್ದ ಡೈಕ್ಲೋರ್ವಾಸ್ ಬಳಕೆಯನ್ನೂ ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧಿಸಿದೆ. ಹೀಗಿರುವಾಗ ಮಿತ್ರ ಕೀಟಗಳನ್ನು ಸಾವಯವದವರ ಹವ್ಯಾಸವೆಂದು ಪಕ್ಕಕ್ಕಿಡುವಂತಿಲ್ಲ. ರೇಷ್ಮೆ ತೋಟದ ಮಟ್ಟಿಗೆ ಅವೇ ಮೊದಲ ಉಪಾಯವಾಗಬೇಕು. ಅವುಗಳನ್ನು ತಂದು ಬಿಡುವುದಕ್ಕಿಂತ ದೊಡ್ಡ ಕೆಲಸ, ತೋಟದಲ್ಲಿ ಈಗಾಗಲೇ ಇರುವವನ್ನು ನಾವೇ ಕೊಲ್ಲದಿರುವುದು.

ಇದಕ್ಕೆ ಪುರಾವೆ ನಮ್ಮ ಬೆಳೆಯ ಇತಿಹಾಸದಲ್ಲೇ ಇದೆ. ಮೆಕ್ಸಿಕೊ ಮೂಲದ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಪಪ್ಪಾಯಿ, ಮರಗೆಣಸು, ಹಿಪ್ಪುನೇರಳೆ ಮೂರನ್ನೂ ಹಿಡಿದು ಕರ್ನಾಟಕದ ರೇಷ್ಮೆ ತೋಟಗಳಿಗೂ ಬಂತು. ರೈತರು ಔಷಧಿಯ ಮೇಲೆ ಔಷಧಿ ಸುರಿದರೂ ತಿಗಣೆ ಜಗ್ಗಲಿಲ್ಲ. ಅದರ ಮೈಮೇಲಿನ ಮೇಣದ ಹಿಟ್ಟು ಔಷಧಿಯನ್ನು ಒಳಗೆ ಬಿಡುವುದಿಲ್ಲ. ಮೊಟ್ಟೆಗಳೂ ಹತ್ತಿಯಂಥ ಚೀಲದೊಳಗೆ ಭದ್ರವಾಗಿರುತ್ತವೆ. ಇಲ್ಲಿ ಅದಕ್ಕೆ ತಕ್ಕ ಶತ್ರುವೂ ಇರಲಿಲ್ಲ. ಆಗ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪುಟ್ಟ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಬೆಳೆಸಿ ಹಂಚಿತು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ಎಲ್ಲಕ್ಕಿಂತ ಚೆನ್ನಾಗಿ ನೆಲೆಯೂರಿತು. ಒಂದು ಮಿಲಿಮೀಟರ್ ಕೂಡ ಇಲ್ಲದ ಈ ಕಣಜ ತಿಗಣೆಯ ಮರಿಯೊಳಗೆ ಮೊಟ್ಟೆಯಿಡುತ್ತದೆ. ಅದರ ಮರಿ ತಿಗಣೆಯನ್ನು ಒಳಗಿನಿಂದಲೇ ತಿಂದು ಮುಗಿಸಿ, ಕಂದುಬಣ್ಣಕ್ಕೆ ತಿರುಗಿ ಉಬ್ಬಿದ ಸಿಪ್ಪೆಗೆ ದುಂಡನೆಯ ತೂತು ಕೊರೆದು ಹೊರಬರುತ್ತದೆ. ಔಷಧಿಗೆ ಬಗ್ಗದ ಪಿಡುಗು ಕಣಜ ಬಿಟ್ಟ ಕಡೆಗಳಲ್ಲಿ ಕೆಲವೇ ತಿಂಗಳಲ್ಲಿ ಹತೋಟಿಗೆ ಬಂತು.

ಇದೇ ಪಾಠವನ್ನು ಕ್ಯಾಲಿಫೋರ್ನಿಯಾದ ಕಿತ್ತಳೆ ಬೆಳೆಗಾರರು ಎರಡು ಸಲ ಕಲಿತರು. ಹತ್ತಿ ಶಲ್ಕ ಕೀಟ ತೋಟಗಳನ್ನು ಒಣಗಿಸುತ್ತಿದ್ದಾಗ, 1888ರಲ್ಲಿ ಆಸ್ಟ್ರೇಲಿಯಾದಿಂದ ತಂದ ವೆಡಾಲಿಯಾ ಎಂಬ ಗುಲಗಂಜಿ ಹುಳು ಒಂದೆರಡು ವರ್ಷದಲ್ಲೇ ತೋಟಗಳನ್ನು ಉಳಿಸಿತು. 1940ರ ದಶಕದ ಕೊನೆಯಲ್ಲಿ ಬೇರೆ ಕೀಟಗಳಿಗೆಂದು ಡಿಡಿಟಿ ಹೊಡೆದರು. ಗುಲಗಂಜಿ ಹುಳು ಸತ್ತಿತು, ಶಲ್ಕ ಕೀಟ ಮತ್ತೆ ಉಕ್ಕಿತು. ಡಿಡಿಟಿ ನಿಲ್ಲಿಸಿ ಹುಳುವನ್ನು ಮರಳಿ ಬಿಟ್ಟ ಮೇಲೆಯೇ ತೋಟ ಸುಧಾರಿಸಿತು. ಔಷಧಿ ಹೊಡೆದ ಮೇಲೆ ತಿಗಣೆ ಮೊದಲಿಗಿಂತ ಜಾಸ್ತಿಯಾಯಿತು ಎಂದು ನಮ್ಮ ಕಡೆ ರೈತರು ಹೇಳುವುದರ ಹಿಂದೆಯೂ ಬಹಳ ಸಲ ಇದೇ ಕಾರಣವಿರುತ್ತದೆ. ಮೇಣ ಹೊದ್ದ ತಿಗಣೆ ಬದುಕಿಕೊಳ್ಳುತ್ತದೆ, ಬರಿಮೈಯ ಕಣಜ, ದುಂಬಿಗಳು ಸಾಯುತ್ತವೆ.

ಕಣ್ಣಾರೆ ಕಂಡು ಗುರುತಿಸದೆ ಇವುಗಳನ್ನು ಉಳಿಸಲಾಗದು. ಚಿಗುರು ಮುರುಟಿಸಿ ತುಕ್ರ ತರುವ ಗುಲಾಬಿ ಹಿಟ್ಟು ತಿಗಣೆಗೆ ನಮ್ಮಲ್ಲಿ ಬಿಡುವ ದುಂಬಿ ಕ್ರಿಪ್ಟೊಲೀಮಸ್. ಇದೂ ಆಸ್ಟ್ರೇಲಿಯಾದ್ದೇ, 1898ರಲ್ಲೇ ಭಾರತಕ್ಕೆ ಬಂದದ್ದು. ಪ್ರಯೋಗಾಲಯದಲ್ಲಿ ಸಿಹಿಗುಂಬಳಕಾಯಿಯ ಮೇಲೆ ಹಿಟ್ಟು ತಿಗಣೆ ಹಬ್ಬಿಸಿ, ಅದನ್ನೇ ಮೇವಾಗಿಸಿ ಇದನ್ನು ಸಾಕುತ್ತಾರೆ. ಕಪ್ಪು ರೆಕ್ಕೆ, ಕಿತ್ತಳೆ ತಲೆಯ ದುಂಬಿಯನ್ನು ಗುರುತಿಸುವುದು ಸುಲಭ. ತೊಡಕಿರುವುದು ಅದರ ಮರಿಹುಳುವಿನಲ್ಲಿ. ಮೈತುಂಬ ಬಿಳಿ ಮೇಣದ ಎಳೆಗಳನ್ನು ಹೊದ್ದಿರುವ ಅದು ನೋಡಿದರೆ ಥೇಟ್ ದೊಡ್ಡ ಹಿಟ್ಟು ತಿಗಣೆಯೇ. ಹೀಗಾಗಿ ಅದನ್ನೇ ತಿಗಣೆಯೆಂದು ಹೊಸಕಿ ಹಾಕುವವರಿದ್ದಾರೆ. ಕಡ್ಡಿಯಿಂದ ಮುಟ್ಟಿ ನೋಡಿ: ತಿಗಣೆ ಕೂತಲ್ಲೇ ಕೂರುತ್ತದೆ, ಮರಿಹುಳು ಸರಸರನೆ ಓಡುತ್ತದೆ, ಗಾತ್ರದಲ್ಲೂ ತಿಗಣೆಗಿಂತ ಮೂರು ನಾಲ್ಕು ಪಟ್ಟು ಉದ್ದ. ಹಾಗೆಯೇ ಎಲೆಯ ಮೇಲೆ ಪುಟ್ಟ ಕೋತಿಯ ಮುಖದಂತಿರುವ ಕೋಶ ಕಂಡರೆ ಕೀಳಬೇಡಿ. ಅದು ಸ್ಪಾಲ್ಗಿಸ್ ಚಿಟ್ಟೆಯ ಕೋಶ. ಆ ಚಿಟ್ಟೆಯ ಹುಳು ತಿನ್ನುವುದು ಸೊಪ್ಪನ್ನಲ್ಲ, ಹಿಟ್ಟು ತಿಗಣೆಯನ್ನು.

ಮಿತ್ರ ಕೀಟಗಳು ನಿಧಾನ ಎಂಬ ಆಕ್ಷೇಪ ನಿಜವೇ. ಸಂಜೆ ಬಿಟ್ಟರೆ ಬೆಳಿಗ್ಗೆಗೆ ತೋಟ ಶುಚಿಯಾಗುವುದಿಲ್ಲ, ವಾರಗಳು ಬೇಕು. ಆದ್ದರಿಂದಲೇ ಫೆಬ್ರುವರಿಯ ಬಿಸಿಲು ಏರಿ ತಿಗಣೆ ತೋಟ ತುಂಬುವವರೆಗೆ ಕಾಯಬಾರದು. ಅಲ್ಲೊಂದು ಇಲ್ಲೊಂದು ಕುಡಿ ಮುರುಟಿದಾಗಲೇ ಬಿಡಬೇಕು. ಎಕರೆಗೆ 250 ದುಂಬಿ ಶಿಫಾರಸಿನ ಪ್ರಮಾಣ. ಸೊಪ್ಪು ಕಟಾವಾದಾಗ ಅವು ನೆಲೆ ತಪ್ಪುತ್ತವೆ ಎನ್ನುವುದು ಇನ್ನೂ ಗಟ್ಟಿಯಾದ ಆಕ್ಷೇಪ. ಇಡೀ ತೋಟವನ್ನು ಒಂದೇ ಸಲ ಬೋಳು ಮಾಡದೆ ತಾಕು ತಾಕಾಗಿ ಕಡಿದರೆ ಅವಕ್ಕೆ ಪಕ್ಕದಲ್ಲೇ ಆಸರೆ ಸಿಗುತ್ತದೆ. ರಾಗಿ ಹೊಲದಲ್ಲಿ ಹಿರಿಯರು ಹಾಕುತ್ತಿದ್ದ ಅಕ್ಕಡಿ ಸಾಲಿಗೆ ಇಲ್ಲಿ ಬೆಲೆ ಬರುತ್ತದೆ. ಸಾಸಿವೆ, ಹುಚ್ಚೆಳ್ಳಿನ ಹೂವಿನ ಮಕರಂದ ಕಣಜಗಳಿಗೆ ಆಹಾರ. ಅವರೆ, ಅಲಸಂದೆಯ ಹೇನು ಗುಲಗಂಜಿ ಹುಳುಗಳಿಗೆ ಮೇವು. ಹಿಪ್ಪುನೇರಳೆಯ ಬದುವಿನಲ್ಲಿ ಇಂಥ ನಾಲ್ಕು ಸಾಲು ಇರಲಿ. ಪಾರ್ಥೇನಿಯಂ ಮಾತ್ರ ಬೇಡ, ಅದು ಪಪ್ಪಾಯಿ ಹಿಟ್ಟು ತಿಗಣೆಯ ಅಡಗುತಾಣ. ಇರುವೆಗಳ ಮೇಲೂ ಕಣ್ಣಿರಲಿ. ತಿಗಣೆಯ ಸಿಹಿ ಅಂಟಿಗೆ ಬರುವ ಅವು ದುಂಬಿ, ಕಣಜಗಳನ್ನು ಓಡಿಸಿ ತಿಗಣೆಗೆ ಕಾವಲು ನಿಲ್ಲುತ್ತವೆ.

ಬಿಟ್ಟ ಕೀಟ ರೇಷ್ಮೆ ಹುಳುವನ್ನೇ ತಿಂದರೆ ಎಂಬ ಭಯ ಕೆಲವರಿಗಿದೆ. ಕ್ರಿಪ್ಟೊಲೀಮಸ್‌ಗೆ ಹಿಟ್ಟು ತಿಗಣೆಯೇ ಮುಖ್ಯ ಆಹಾರ, ಅಸೆರೊಫೇಗಸ್‌ಗೆ ಪಪ್ಪಾಯಿ ಹಿಟ್ಟು ತಿಗಣೆ ಬಿಟ್ಟರೆ ಬೇರೆ ಬೇಕಿಲ್ಲ. ಹುಳು ಮನೆಯೊಳಗೇ ಬಿಡುವ ನೆಸೋಲಿಂಕ್ಸ್ ಥೈಮಸ್ ಕಣಜ ಕೂಡ ರೇಷ್ಮೆ ಹುಳುವಿನ ತಂಟೆಗೆ ಹೋಗುವುದಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ, ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣದ ಕೋಶಗಳನ್ನು ಹುಡುಕಿ ಅದು ಮೊಟ್ಟೆಯಿಡುತ್ತದೆ. ಹಾಗೆಂದು ಮಿತ್ರ ಕೀಟಗಳಿಂದ ಎಲ್ಲವೂ ಪರಿಹಾರವಾಗುತ್ತದೆ ಎನ್ನುವುದು ತಪ್ಪು. ಬೇರು ಕೊಳೆಗೆ ಇವು ಉತ್ತರವಲ್ಲ. ಬೇಸಿಗೆಯ ಥ್ರಿಪ್ಸ್‌ಗೆ ರಭಸದ ನೀರು ಹಾಯಿಸುವಂಥ ಬೇರೆ ದಾರಿ ಬೇಕು.

ಇವೆಲ್ಲವನ್ನೂ ಕೆಡಿಸಬಲ್ಲದ್ದು ಪಕ್ಕದ ತೋಟದ ಔಷಧಿ. ದುಂಬಿಗೆ ಸರ್ವೆ ಕಲ್ಲಿನ ಗುರುತಿಲ್ಲ, ಗಾಳಿಗೆ ತೇಲುವ ಔಷಧಿಗೂ ಇಲ್ಲ. ಹಾಗಾಗಿ ಊರಿನ ಹತ್ತು ಮಂದಿ ಬೆಳೆಗಾರರು ಮಾತಾಡಿಕೊಂಡು, ಬಿಡುವ ಹದಿನೈದು ದಿನ ಮೊದಲೇ ಔಷಧಿ ನಿಲ್ಲಿಸಿ, ಮುರುಟಿದ ಕುಡಿ ಚಿವುಟಿ ಸುಟ್ಟು, ಒಟ್ಟಿಗೇ ದುಂಬಿ ಬಿಡಿ. ಬಿಟ್ಟ ಮೇಲೆ ಕುಡಿ ಸುಡಬೇಡಿ, ಅದರೊಳಗೆ ನಿಮ್ಮ ದುಂಬಿಯ ಮರಿಗಳೇ ಇರುತ್ತವೆ. ದುಂಬಿ, ಕಣಜಗಳಿಗಾಗಿ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರ, ಕನಕಪುರ ರಸ್ತೆಯ ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆ ಅಥವಾ ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಅವು ಕೇಳಿದ ದಿನವೇ ಸಿಗುವ ಸರಕಲ್ಲ, ಸಾಕಿ ಕೊಡಬೇಕಾದ ಜೀವಿಗಳು. ಬೇಸಿಗೆಗೆ ಬೇಕೆಂದರೆ ಚಳಿಗಾಲದಲ್ಲೇ ಹೇಳಿಡಿ.