ಪೆನ್ ಡ್ರೈವ್‌ನಿಂದ ಓಎಸ್ ಹಾಕುವುದು: ಎಚ್ಚರ ಎಲ್ಲಿ ಬೇಕು, ಎಲ್ಲಿ ಬೇಡ

‘ಓಎಸ್ ಹಾಕಿಸಬೇಕು’ ಎಂದು ಲ್ಯಾಪ್‌ಟಾಪನ್ನು ಅಂಗಡಿಗೆ ಕೊಟ್ಟು ಬರುತ್ತೇವೆ. ಸಂಜೆ ಹೋದರೆ ಯಂತ್ರ ಸಿದ್ಧ, ಕೈಗೆ ಬಿಲ್ಲು. ನಡುವೆ ಏನಾಯಿತೆಂದು ನಾವು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಆ ಕೆಲಸಕ್ಕೆ ಬೇಕಾದದ್ದು ಒಂದು ಪೆನ್ ಡ್ರೈವ್, ಒಂದು ದೊಡ್ಡ ಡೌನ್‌ಲೋಡ್ ಮತ್ತು ಒಂದು ಬಿಡುವಿನ ಮಧ್ಯಾಹ್ನ. ಮೊದಲ ಸಲ ಕೈಹಾಕುವವರಿಗೆ ಭಯವಿರುವುದು ಸಹಜ. ಆದರೆ ಅವರು ಹೆದರುವ ಜಾಗ ಒಂದಾದರೆ, ಎಚ್ಚರ ಬೇಕಾದ ಜಾಗ ಇನ್ನೊಂದು. ಕಪ್ಪು ಪರದೆಯ ಮೇಲೆ ಸರಸರನೆ ಓಡುವ ಬಿಳಿ ಅಕ್ಷರಗಳು ನಿಮ್ಮ ಒಂದು ಫೋಟೋವನ್ನೂ ಅಳಿಸುವುದಿಲ್ಲ. ಇಡೀ ಕೆಲಸದಲ್ಲಿ ನಿಮ್ಮ ಕಡತಗಳು ಅಳಿಸಿಹೋಗಬಹುದಾದ ಜಾಗಗಳು ಎರಡೇ. ಅವು ಬಂದಾಗ ನಿಲ್ಲಿಸಿ ತೋರಿಸುತ್ತೇನೆ.

ಒಂದು ಉದಾಹರಣೆ ಹಿಡಿದು ಹೋಗೋಣ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿಸಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ತನ್ನ ಪಟ್ಟಿಯಲ್ಲಿರುವ ಪ್ರೊಸೆಸರ್ ಕೇಳುತ್ತದೆ. ಹೀಗಾಗಿ ಇನ್ನೂ ಚೆನ್ನಾಗಿ ಓಡುವ ಎಷ್ಟೋ ಲ್ಯಾಪ್‌ಟಾಪ್‌ಗಳು ಹೊರಗುಳಿದವು. ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕುವುದು ನಮ್ಮ ಪಾಠ. ಅದು ಉಚಿತ. 2 ಜಿಬಿ ರ‍್ಯಾಮ್ ಇದ್ದರೂ ಓಡುತ್ತದೆ, 4 ಜಿಬಿ ಇದ್ದರೆ ಹಾಯಾಗಿರುತ್ತದೆ. ಡಿಸ್ಕಿನಲ್ಲಿ ಕನಿಷ್ಠ 20 ಜಿಬಿ ಜಾಗ ಬೇಕು, 100 ಇದ್ದರೆ ಒಳ್ಳೆಯದು. ವಿಂಡೋಸನ್ನೇ ಮತ್ತೆ ಹಾಕುವವರಿಗೂ ದಾರಿ ಬಹುಮಟ್ಟಿಗೆ ಇದೇ.

ಮೊದಲು ಬ್ಯಾಕಪ್. ಫೋಟೋ, ಅಂಕಪಟ್ಟಿಯ ಸ್ಕ್ಯಾನ್, ಮನೆಯ ಲೆಕ್ಕ, ಹೀಗೆ ಕಳೆದುಹೋದರೆ ಮತ್ತೆ ಸಿಗದವನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಅಲ್ಲಿ ಒಂದೆರಡನ್ನು ತೆರೆದೂ ನೋಡಿ. ಇದಾದ ಮೇಲೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಷನ್’ ಚಾಲೂ ಇದೆಯೇ ನೋಡಿಕೊಳ್ಳಿ. ಇದ್ದರೆ ಅದರ 48 ಅಂಕೆಗಳ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ ಬದಲಿಸಿದರೆ ವಿಂಡೋಸ್ ಅದನ್ನು ಕೇಳಬಹುದು, ಕೀ ಇಲ್ಲದಿದ್ದರೆ ನಿಮ್ಮ ಡಿಸ್ಕೇ ನಿಮಗೆ ಬಾಗಿಲು ತೆಗೆಯುವುದಿಲ್ಲ. ಬೂಟ್ ಸೆಟ್ಟಿಂಗ್‌ಗೆ ಕೈಹಾಕುವ ಮುಂಚೆ ಎನ್‌ಕ್ರಿಪ್ಷನ್ ತೆಗೆದುಬಿಡುವುದೇ ನೆಮ್ಮದಿ.

ಪೆನ್ ಡ್ರೈವ್ 8 ಜಿಬಿಯದ್ದು ಸಾಕು. ಅದರೊಳಗೆ ಇರುವುದೆಲ್ಲ ಹೋಗುತ್ತದೆ ಎಂದೇ ತಿಳಿದು ಖಾಲಿಯಾದದ್ದನ್ನು ತೆಗೆದುಕೊಳ್ಳಿ. ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಓ ಕಡತ ಇಳಿಸಿಕೊಳ್ಳಿ. ಸುಮಾರು 3 ಜಿಬಿ ಆಗುತ್ತದೆ. ಐಎಸ್‌ಓ ಎಂದರೆ ಇಡೀ ಒಂದು ಡಿಸ್ಕಿನ ಪಡಿಯಚ್ಚು. ಸಿ.ಡಿ.ಗಳ ಕಾಲಕ್ಕೆ ಮಾಡಿದ ಐಎಸ್‌ಓ 9660 ಎಂಬ ಮಾನಕದಿಂದ ಆ ಹೆಸರು ಬಂತು, ಸಿ.ಡಿ. ಹೋದರೂ ಹೆಸರು ಉಳಿಯಿತು. ಒಂದು ಕಾಲದಲ್ಲಿ ಉಬುಂಟು ಎಂಬ ಇನ್ನೊಂದು ಲಿನಕ್ಸ್ ಬಳಗದವರು ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಸಿ.ಡಿ. ಕಳಿಸುತ್ತಿದ್ದರು. 2005ರಲ್ಲಿ ಶುರುವಾದ ಆ ಯೋಜನೆ 2011ರಲ್ಲಿ ನಿಂತಿತು. ನಿಧಾನದ ಇಂಟರ್‌ನೆಟ್‌ನಲ್ಲಿ 700 ಎಂಬಿ ಇಳಿಸುವುದೇ ಒಂದು ಸಾಹಸವಾಗಿದ್ದ ದಿನಗಳವು.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಂದ ಮುಂದಿನ ಹೆಜ್ಜೆಯಲ್ಲಿ. ಐಎಸ್‌ಓ ಕಡತವನ್ನು ಹಾಗೆಯೇ ಪೆನ್ ಡ್ರೈವ್‌ಗೆ ಕಾಪಿ ಮಾಡಿ, ಯಂತ್ರ ಅದನ್ನು ಗುರುತಿಸುತ್ತಿಲ್ಲ ಎನ್ನುತ್ತಾರೆ. ಬೀಜದ ಪೊಟ್ಟಣವನ್ನು ಒಡೆಯದೆ ಗದ್ದೆಯಲ್ಲಿಟ್ಟು ಬಂದರೆ ಬಿತ್ತನೆ ಆದಂತಾಯಿತೇ? ಪವರ್ ಗುಂಡಿ ಒತ್ತಿದಾಗ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಇನ್ನೂ ಎದ್ದಿರುವುದಿಲ್ಲ. ಆಗ ಎಚ್ಚರವಾಗಿರುವುದು ಯಂತ್ರದ ಬೋರ್ಡಿನಲ್ಲೇ ಇರುವ ಯುಇಎಫ್ಐ ಎಂಬ ಪುಟ್ಟ ತಂತ್ರಾಂಶ ಮಾತ್ರ. ಹಳಬರು ಅದನ್ನು ಇಂದಿಗೂ ಬಯಾಸ್ ಎಂದೇ ಕರೆಯುತ್ತಾರೆ. ಅದಕ್ಕೆ ನಿಮ್ಮ ಐಎಸ್‌ಓ ಬಿಚ್ಚಿ ಓದುವ ವಿದ್ಯೆ ಗೊತ್ತಿಲ್ಲ. ಪೆನ್ ಡ್ರೈವ್‌ನಲ್ಲಿ ಇಎಫ್ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅದರಲ್ಲಿ ನಿಗದಿಯಾದ ಹೆಸರಿನ ಒಂದು ಕಡತ ಇದೆಯೇ ಎಂದು ಹುಡುಕುತ್ತದೆ. ಸಿಕ್ಕರೆ ಅದನ್ನು ಓಡಿಸುತ್ತದೆ, ಇಲ್ಲವಾದರೆ ಎಂದಿನಂತೆ ಹಾರ್ಡ್ ಡಿಸ್ಕಿನ ಕಡೆ ಹೊರಳುತ್ತದೆ.

ಐಎಸ್‌ಓವನ್ನು ಬಿಚ್ಚಿ ಹಾಗೆ ಅಣಿಗೊಳಿಸಲೆಂದೇ ರೂಫಸ್ ಎಂಬ ಚಿಕ್ಕ ಉಚಿತ ತಂತ್ರಾಂಶವಿದೆ. ಬಲೇನಾ ಎಚರ್ ಕೂಡ ಇದೆ, ಆದರೆ ವಿಂಡೋಸ್ ಬಳಸುವವರಿಗೆ ನಾನು ಹೇಳುವುದು ರೂಫಸ್. ಅದರಲ್ಲಿ ಐಎಸ್‌ಓ ಆರಿಸಿದ ಮೇಲೆ ಪಕ್ಕದ ಟಿಕ್ ಗುರುತಿನ ಗುಂಡಿ ಒತ್ತಿ. ‘ಎಸ್‌ಎಚ್‌ಎ256’ ಎಂದು ಉದ್ದನೆಯ ಅಕ್ಷರಮಾಲೆ ಬರುತ್ತದೆ. ಮಿಂಟ್ ತಾಣದಲ್ಲಿ ಕೊಟ್ಟಿರುವುದಕ್ಕೆ ಅದು ಅಕ್ಷರಶಃ ಹೊಂದಬೇಕು. ಒಂದು ಅಕ್ಷರ ತಪ್ಪಿದರೂ ಮತ್ತೆ ಇಳಿಸಿಕೊಳ್ಳಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಇನ್‌ಸ್ಟಾಲ್ ಅರ್ಧಕ್ಕೆ ನಿಂತಾಗ ಲ್ಯಾಪ್‌ಟಾಪನ್ನು ಬೈಯುತ್ತಾರೆ.

ಈಗ ಮೊದಲನೆಯ ಅಪಾಯದ ಜಾಗ. ರೂಫಸ್‌ನ ಮೇಲ್ತುದಿಯಲ್ಲಿ ‘ಡಿವೈಸ್’ ಎಂಬ ಪಟ್ಟಿ ಇದೆ. ಅಲ್ಲಿ ಯಾವ ಡ್ರೈವ್ ಆರಿಸುತ್ತೀರೋ ಅದು ಪೂರ್ತಿ ಅಳಿಸಿಹೋಗುತ್ತದೆ. ಬ್ಯಾಕಪ್ ಡಿಸ್ಕೂ ಅದೇ ಹೊತ್ತಿನಲ್ಲಿ ಸಿಕ್ಕಿಸಿದ್ದರೆ ಮೊದಲು ಕಿತ್ತಿಡಿ. ಹೆಸರು ನೋಡಿ, ಗಾತ್ರ ನೋಡಿ, ಆಮೇಲೆ ಸ್ಟಾರ್ಟ್ ಒತ್ತಿ. ‘ಐಎಸ್‌ಓ ಮೋಡೋ ಡಿಡಿ ಮೋಡೋ’ ಎಂದು ಕೇಳಿದರೆ ಅದೇ ಶಿಫಾರಸು ಮಾಡುವ ಐಎಸ್‌ಓ ಇರಲಿ.

ಪೆನ್ ಡ್ರೈವ್ ಸಿಕ್ಕಿಸಿಯೇ ಇರಲಿ, ಯಂತ್ರವನ್ನು ಅದರಿಂದ ಎಬ್ಬಿಸಬೇಕು. ಅದಕ್ಕೆ ಒತ್ತಬೇಕಾದ ಕೀ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9, ಅಸೂಸ್‌ನಲ್ಲಿ ಎಸ್ಕೇಪ್. ಲೋಗೋ ಮೂಡುವ ಮೊದಲೇ ಒತ್ತತೊಡಗಬೇಕು. ಅದು ಕೈಗೆ ಹತ್ತದಿದ್ದರೆ ಸುಲಭದ ದಾರಿಯೊಂದಿದೆ: ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದುಕೊಂಡು ‘ರೀಸ್ಟಾರ್ಟ್’ ಕ್ಲಿಕ್ ಮಾಡಿ, ಬರುವ ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಆರಿಸಿ. ‘ಶಟ್ ಡೌನ್’ ಮಾಡಿ ಮತ್ತೆ ಹಾಕುವುದಕ್ಕಿಂತ ರೀಸ್ಟಾರ್ಟೇ ಸರಿ. ‘ಫಾಸ್ಟ್ ಸ್ಟಾರ್ಟಪ್’ ಇರುವ ಯಂತ್ರಗಳು ಶಟ್ ಡೌನ್ ಮಾಡಿದರೂ ಪೂರ್ತಿ ಮಲಗುವುದಿಲ್ಲ, ಅರ್ಧನಿದ್ದೆಯಲ್ಲಿರುತ್ತವೆ. ಎರಡೂ ಓಎಸ್ ಇಟ್ಟುಕೊಳ್ಳುವ ಯೋಚನೆ ಇದ್ದರೆ ಆ ಆಯ್ಕೆಯನ್ನು ಈಗಲೇ ತೆಗೆದುಬಿಡಿ.

ಸ್ವಲ್ಪ ಹೊತ್ತಿನಲ್ಲಿ ಮಿಂಟ್‌ನ ಪೂರ್ತಿ ಡೆಸ್ಕ್‌ಟಾಪ್ ಬರುತ್ತದೆ. ಇನ್‌ಸ್ಟಾಲ್ ಆಗಿಯೇಹೋಯಿತೆಂದು ಗಾಬರಿ ಬೇಡ. ಎಲ್ಲವೂ ಪೆನ್ ಡ್ರೈವ್‌ನಿಂದ, ರ‍್ಯಾಮ್‌ನಲ್ಲಿ ನಡೆಯುತ್ತಿದೆ; ಇದಕ್ಕೆ ಲೈವ್ ಎನ್ನುತ್ತಾರೆ. ನನ್ನ ಪ್ರಕಾರ ಇಡೀ ಪದ್ಧತಿಯಲ್ಲಿ ಇಷ್ಟು ಉಪಕಾರಿಯಾದದ್ದು ಇನ್ನೊಂದಿಲ್ಲ, ಇಷ್ಟು ಕಡೆಗಣಿಸಿದ್ದೂ ಇನ್ನೊಂದಿಲ್ಲ. ಅವಸರ ಮಾಡದೆ ವೈಫೈ ಸಿಗುತ್ತದೆಯೇ ನೋಡಿ. ಒಂದು ಹಾಡು ಹಾಕಿ, ಬ್ರೈಟ್‌ನೆಸ್ ಏರಿಳಿಸಿ, ಕ್ಯಾಮೆರಾ, ಟಚ್‌ಪ್ಯಾಡ್, ಪ್ರಿಂಟರ್ ಎಲ್ಲ ಪರೀಕ್ಷಿಸಿ. ವೈಫೈ ಬರದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಅದರ ಇಂಟರ್‌ನೆಟ್ ಹಂಚಿಕೊಳ್ಳಿ. ಪೆನ್ ಡ್ರೈವ್‌ನಿಂದ ಓಡುವಾಗ ಎಲ್ಲ ಸ್ವಲ್ಪ ನಿಧಾನ ಅನ್ನಿಸುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಡಿಸದಿದ್ದರೆ ಯಂತ್ರ ಆರಿಸಿ ಪೆನ್ ಡ್ರೈವ್ ತೆಗೆಯಿರಿ, ವಿಂಡೋಸ್ ಇದ್ದ ಹಾಗೇ ಇರುತ್ತದೆ.

ಹಿಡಿಸಿತೆನ್ನಿ. ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಐಕಾನ್ ಒತ್ತಿದರೆ ಭಾಷೆ, ಕೀಬೋರ್ಡ್ ಇತ್ಯಾದಿ ಕೇಳುತ್ತದೆ. ಅವನ್ನೆಲ್ಲ ಆಮೇಲೂ ಬದಲಿಸಬಹುದು. ಆಮೇಲೆ ಬರುತ್ತದೆ ಎರಡನೆಯ ಅಪಾಯದ ಜಾಗ. ‘ವಿಂಡೋಸ್ ಜೊತೆಗೇ ಹಾಕು’ ಎಂಬುದೊಂದು ಆಯ್ಕೆ, ‘ಡಿಸ್ಕ್ ಅಳಿಸಿ ಹಾಕು’ ಎಂಬುದು ಇನ್ನೊಂದು. ಎರಡನೆಯದನ್ನು ಒಪ್ಪಿದರೆ ವಿಂಡೋಸೂ ಹೋಗುತ್ತದೆ, ಸಿ ಡಿ ಇ ಎಂದು ಮಾಡಿಕೊಂಡ ಎಲ್ಲ ಭಾಗಗಳೂ ಹೋಗುತ್ತವೆ. ‘ನನ್ನ ಫೋಟೋ ಇದ್ದದ್ದು ಡಿ ಡ್ರೈವ್‌ನಲ್ಲಲ್ಲವೇ’ ಎಂದು ಆಮೇಲೆ ಕೇಳಿ ಪ್ರಯೋಜನವಿಲ್ಲ. ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ದರೆ ಗಾತ್ರ ನೋಡಿ ಗುರುತಿಸಿ. ಕೊನೆಗೊಮ್ಮೆ ಏನೇನು ಬದಲಾಗುತ್ತದೆಂದು ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಅಲ್ಲಿಯತನಕ ಹಿಂದಕ್ಕೆ ಬರಬಹುದು. ಆ ಪಟ್ಟಿಯನ್ನು ಓದಿ. ಅರ್ಥವಾಗದಿದ್ದರೆ ಮುಂದೆ ಹೋಗಬೇಡಿ, ಗೊತ್ತಿದ್ದವರೊಬ್ಬರನ್ನು ಕೇಳಿ ಬನ್ನಿ.

ಉಳಿದದ್ದನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ಚಾರ್ಜರ್ ಮಾತ್ರ ಹಾಕಿಟ್ಟಿರಿ, ನಡುವೆ ಕರೆಂಟ್ ಹೋದರೂ ಬ್ಯಾಟರಿ ಕೈಹಿಡಿಯಬೇಕು. ಮುಗಿದ ಮೇಲೆ ಪೆನ್ ಡ್ರೈವ್ ಕಿತ್ತು ಎಂಟರ್ ಒತ್ತಲು ಹೇಳುತ್ತದೆ. ಎರಡೂ ಓಎಸ್ ಇಟ್ಟುಕೊಂಡವರಿಗೆ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ಓಡುತ್ತಿರುವುದು ಕಾಣಬಹುದು. ಯಂತ್ರದ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ ಲೆಕ್ಕದಲ್ಲಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ, ಅಷ್ಟೇ. ಕೆಟ್ಟಿರುವುದೇನೂ ಇಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿಯಾದವರು ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ‘ಕನ್ನಡ (ಕಗಪ)’ ವಿನ್ಯಾಸವನ್ನು ಸೇರಿಸಿಕೊಳ್ಳಿ, ಬೆರಳುಗಳಿಗೆ ಹೊಸ ಪಾಠ ಹೆಚ್ಚೇನೂ ಬೇಕಾಗುವುದಿಲ್ಲ.

ಪೆನ್ ಡ್ರೈವನ್ನು ಮತ್ತೆ ಎಂದಿನಂತೆ ಬಳಸಬೇಕಾದರೆ ರೂಫಸ್‌ನಲ್ಲೇ ‘ನಾನ್ ಬೂಟಬಲ್’ ಎಂದು ಆರಿಸಿ ಫಾರ್ಮ್ಯಾಟ್ ಮಾಡಿ. ಆದರೆ ಇನ್ನೊಂದು ಪೆನ್ ಡ್ರೈವ್ ಕೊಳ್ಳಲು ಸಾಧ್ಯವಾದರೆ ಇದನ್ನು ಹೀಗೇ ಇಟ್ಟುಕೊಳ್ಳಿ ಎನ್ನುತ್ತೇನೆ. ಅಕ್ಕಪಕ್ಕದವರ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಏಳದೆ ಕುಳಿತ ದಿನ, ಡಿಸ್ಕಿಗೆ ಬೀಗ ಬಿದ್ದಿಲ್ಲವಾದರೆ, ಇದರಿಂದ ಲೈವ್ ಬೂಟ್ ಮಾಡಿ ಅವರ ಕಡತಗಳನ್ನು ಹೊರಗೆ ತೆಗೆದುಕೊಡಬಹುದು.