ಮೂವತ್ತು ದಿನಕ್ಕೆ ತೆರೆಯುವ ಬಾಗಿಲು


ಇಂದಿನ ಧಮ್ಮ ಚಿಂತನೆ



ಕಳೆದ ಭಾನುವಾರದ ಅಧ್ಯಯನ ಕೂಟದಲ್ಲಿ ನಮ್ಮ ಕಿರಿಯ ಉಪಾಸಕರೊಬ್ಬರು ಒಂದು ಪ್ರಶ್ನೆ ಕೇಳಿದರು. ಪೂರ್ತಿ ಉತ್ತರ ಹೇಳಲು ಅಲ್ಲಿ ಸಮಯ ಸಾಲಲಿಲ್ಲ. ಅವರ ಕಾಲೇಜಿನಲ್ಲಿ ಯಾರೋ ಹೇಳಿದರಂತೆ: "ಮಡಿ ಮೈಲಿಗೆ, ಊರಾಚೆಯ ಕೇರಿ, ಇವೆಲ್ಲ ನಮ್ಮ ಹಿರಿಯರ ಕಾಲದ ಕ್ವಾರಂಟೈನ್. ಕೊರೊನಾ ಬಂದಮೇಲೆ ಪ್ರಪಂಚಕ್ಕೇ ಇದು ಅರ್ಥವಾಯಿತು." 2020ರಿಂದ ಈ ಮಾತು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಲೇ ಇದೆ. ಹುಡುಗ ಕೇಳಿದ್ದಿಷ್ಟೇ: "ಸರ್, ಇದಕ್ಕೆ ಏನು ಹೇಳಬೇಕು?"

ನನಗೆ ಇದರ ಉತ್ತರ ಸ್ಪಷ್ಟವಾಗಿ ಕಂಡದ್ದು ಒಂದು ಉಕ್ಕಿನ ತಂತಿಗೆ ನೇತುಬಿದ್ದಿದ್ದಾಗ. ನಗಬೇಡಿ, ವಿವರಿಸುತ್ತೇನೆ.

ಅಕ್ಕನ ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಬೇಸಿಗೆ ರಜೆಯಲ್ಲಿ ಕರೆಸಿಕೊಂಡವನು ನಾಲ್ಕು ದಿನ ಕ್ರೊಯೇಷಿಯಾ ದೇಶದ ಡುಬ್ರೊವ್ನಿಕ್ ಎಂಬ ಊರಿಗೆ ಕರೆದುಕೊಂಡು ಹೋದ. ಆಡ್ರಿಯಾಟಿಕ್ ಸಮುದ್ರದ ದಂಡೆಯಲ್ಲಿ, ಸುತ್ತ ಸುಮಾರು ಎರಡು ಕಿಲೋಮೀಟರ್ ಉದ್ದದ ಕಲ್ಲಿನ ಕೋಟೆಯೊಳಗೆ ಇರುವ ಹಳೆಯ ಬಂದರು ಪಟ್ಟಣ. ಹಿಂದೆ ರಗೂಸ ಎಂಬ ಹೆಸರಿನಲ್ಲಿ ಅದೊಂದು ಸ್ವತಂತ್ರ ವ್ಯಾಪಾರಿ ಗಣರಾಜ್ಯ. ಊರಿನ ಬೆನ್ನಿಗೇ 412 ಮೀಟರ್ ಎತ್ತರದ ಸರ್ಜ್ ಬೆಟ್ಟ. ಅದರ ಇಳಿಜಾರಿನಲ್ಲಿ ಜಿಪ್‌ಲೈನ್ ಇದೆ. ಗೈಡ್ ಜೊತೆಗಿದ್ದು ಊರನ್ನು ಮೇಲಿಂದ ತೋರಿಸಿ, ವಿವರ ಹೇಳಿ, ಆಮೇಲೆ ತಂತಿಗೆ ಬಿಡುತ್ತಾರೆ.

ಜಿಪ್‌ಲೈನ್ ನೋಡದವರು ಬಾವಿಯ ರಾಟೆಯನ್ನು ನೆನೆಯಿರಿ. ಬಾವಿಯಲ್ಲಿ ರಾಟೆ ನಿಂತಲ್ಲೇ ಇರುತ್ತದೆ, ಹಗ್ಗ ಓಡುತ್ತದೆ. ಇಲ್ಲಿ ತಂತಿ ನಿಂತಿರುತ್ತದೆ, ರಾಟೆ ಓಡುತ್ತದೆ, ಕೊಡದ ಜಾಗದಲ್ಲಿ ನಾವು. ತಂತಿಯ ಒಂದು ತುದಿ ಎತ್ತರದಲ್ಲಿ, ಇನ್ನೊಂದು ತಗ್ಗಿನಲ್ಲಿ. ಎಂಜಿನ್ ಇಲ್ಲ, ನಮ್ಮ ತೂಕವೇ ಎಳೆದುಕೊಂಡು ಹೋಗುತ್ತದೆ. ತೊಡೆಗೂ ಸೊಂಟಕ್ಕೂ ಪಟ್ಟಿ ಬಿಗಿದು, ಆ ಪಟ್ಟಿಯಿಂದ ರಾಟೆಗೆ ಎರಡು ಕೊಂಡಿ ಹಾಕುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಬೇಕು.

ನಮ್ಮ ಗುಂಪಿನಲ್ಲಿ ಎಂಟು ಜನ, ಬೇರೆ ಬೇರೆ ದೇಶದವರು. ಗೈಡ್ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಹೆಲ್ಮೆಟ್ ಕೊಡುವ ಮೊದಲು ಪ್ರತಿಯೊಬ್ಬರಿಗೂ ತೆಳು ಬಟ್ಟೆಯ ಒಂದು ಬಿಳಿ ಟೋಪಿ ಕೊಟ್ಟಳು. ಒಂದೇ ಹೆಲ್ಮೆಟನ್ನು ದಿನಕ್ಕೆ ಹತ್ತಾರು ಜನ ಹಾಕಿಕೊಳ್ಳುತ್ತಾರೆ, ಒಬ್ಬರ ಬೆವರು ಒಬ್ಬರಿಗೆ ಅಂಟಬಾರದು ಎಂದು. ಟೋಪಿ ಎಂಟು ಜನಕ್ಕೂ ಒಂದೇ ಥರದ್ದು. ಹೆಲ್ಮೆಟ್ ಎಲ್ಲರಿಗೂ ಒಂದೇ ರಾಶಿಯಿಂದ. ಮುಗಿದ ಮೇಲೆ ಎಂಟು ಟೋಪಿಯೂ ಒಂದೇ ಬುಟ್ಟಿಗೆ.

ನನಗೆ ಆ ಕ್ಷಣ ನೆನಪಾದದ್ದು ಚಿಕ್ಕಂದಿನಲ್ಲಿ ನಮ್ಮ ಹೋಬಳಿಯ ಚಹಾ ಅಂಗಡಿಯೊಂದರ ತಡಿಕೆಗೆ ಸಿಕ್ಕಿಸಿರುತ್ತಿದ್ದ ನಮ್ಮ ಲೋಟ. ಕುಡಿದು ನಾವೇ ತೊಳೆದು ಅಲ್ಲೇ ಸಿಕ್ಕಿಸಬೇಕಿತ್ತು. ಬೂದಿ ಹಾಕಿ ಎಷ್ಟು ಉಜ್ಜಿದರೂ ಅದು ಒಳಗಿನ ಲೋಟಗಳ ಜೊತೆ ಸೇರುತ್ತಿರಲಿಲ್ಲ. ಒಳಗೆ ಕೆಮ್ಮುತ್ತಾ ಕುಡಿಯುತ್ತಿದ್ದವರ ಲೋಟ ಮಾತ್ರ ಒಂದು ಸಲ ನೀರಲ್ಲಿ ಅದ್ದಿದರೆ ಮುಂದಿನವರಿಗೆ ಸಲ್ಲುತ್ತಿತ್ತು. ಸ್ವಚ್ಛತೆಯೇ ಕಾರಣವಾಗಿದ್ದರೆ ಕೆಮ್ಮುವವರ ಲೋಟ ಆಚೆ ಬರಬೇಕಿತ್ತಲ್ಲವೇ?

ತಂತಿಗೆ ಬಿಡುವ ಮೊದಲು ಕಟ್ಟೆಯ ಮೇಲೆ ನಿಲ್ಲಿಸಿ ಹುಡುಗಿ ಊರು ತೋರಿಸಿದಳು. ಕೆಳಗೆ ಹೆಂಚಿನ ಮಾಡುಗಳು. ಕೆಲವು ಮಾಸಿದ ಹೆಂಚು, ಹೆಚ್ಚಿನವು ಹೊಸ ಕೆಂಪು. 1991-92ರ ಯುದ್ಧದಲ್ಲಿ ಇದೇ ಬೆಟ್ಟಗಳ ಕಡೆಯಿಂದ ಬಿದ್ದ ಶೆಲ್ಲುಗಳಿಗೆ ಹಾಳಾದ ಮಾಡುಗಳನ್ನು ಮತ್ತೆ ಹೊದಿಸಿದ್ದು. ನೇರ ಕೆಳಗೆ ಕೋಟೆ, ಎಡಕ್ಕೆ ಹಳೆ ಬಂದರು, ಸಮುದ್ರದಲ್ಲಿ ಲೊಕ್ರುಮ್ ಎಂಬ ಹಸಿರು ದ್ವೀಪ. ಬಂದರಿನ ಆಚೆ, ಕೋಟೆಯ ಪೂರ್ವದ ಬಾಗಿಲಿನ ಹೊರಗೆ, ನೀರಿನ ಅಂಚಿಗೆ ಸಾಲಾಗಿ ಕಲ್ಲಿನ ಕಟ್ಟಡಗಳು. ಅದನ್ನು ಲಜರೆತಿ ಅನ್ನುತ್ತಾರೆ. "ಕ್ವಾರಂಟೈನ್ ಪದ್ಧತಿ ಶುರುವಾದದ್ದು ನಮ್ಮ ಊರಲ್ಲಿ" ಎಂದಳು ಹುಡುಗಿ, ಸ್ವಲ್ಪ ಹೆಮ್ಮೆಯಿಂದಲೇ.

ನನ್ನ ಕಿವಿ ನೆಟ್ಟಗಾಯಿತು. ಆಗಲೇ ತಂತಿಗೆ ಕರೆದರು. ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದಳು, ಕೊಂಡಿ ತಿರುಗಿಸಿ ನೋಡಿದಳು, ತಲೆ ಹಿಡಿದು ಗದ್ದದ ಪಟ್ಟಿ ಬಿಗಿದಳು. "ಮಾಮ, ಕಣ್ಣು ಮುಚ್ಕೋಬೇಡಿ, ದುಡ್ಡು ದಂಡ" ಎಂದ ಅಳಿಯ ಹಿಂದಿನಿಂದ. ಕಾಲು ಎತ್ತಿದೆ. ಮೊದಲ ಎರಡು ಉಸಿರು ಹೊಟ್ಟೆಯೊಳಗೆ ಏನೂ ಇಲ್ಲದ ಹಾಗೆ. ಆಮೇಲೆ ರಾಟೆಯ ಸದ್ದು, ಗಾಳಿ, ಕಾಲ ಕೆಳಗೆ ಪೈನ್ ಮರಗಳ ತಲೆ. ಅದರಾಚೆ ಇಡೀ ಪಟ್ಟಣ ಒಂದೇ ನೋಟಕ್ಕೆ ಸಿಕ್ಕಿತು: ಗೋಡೆಯೊಳಗಿನ ಊರು, ಗೋಡೆಯ ಹೊರಗಿನ ಲಜರೆತಿ, ಎರಡರ ನಡುವೆ ಒಂದು ಬಾಗಿಲು. ಎಷ್ಟು ಹತ್ತಿರ! ನಮ್ಮ ಊರಿಗೂ ಕೇರಿಗೂ ಇರುವ ದೂರದಷ್ಟೇ. ಆ ಬಾಗಿಲಿನ ಕತೆಯೇ ಇಂದಿನ ಪಾಠ. ಗೈಡ್ ಅದನ್ನು ಚುಟುಕಾಗಿ ಹೇಳಿದ್ದಳು, ಉಳಿದದ್ದು ಆಮೇಲೆ ಓದಿ ತಿಳಿದದ್ದು.

14ನೇ ಶತಮಾನದಲ್ಲಿ ಯುರೋಪಿಗೆ ಪ್ಲೇಗ್ ಬಂತು. ವ್ಯಾಪಾರ ನಿಲ್ಲಿಸಿದರೆ ರಗೂಸಕ್ಕೆ ಹೊಟ್ಟೆಗಿಲ್ಲ, ಹಡಗು ಬಿಟ್ಟುಕೊಂಡರೆ ಸಾವು. 1377ರ ಜುಲೈ 27ರಂದು ಅಲ್ಲಿಯ ಮಹಾಸಭೆ ಒಂದು ನಿಯಮ ಮಾಡಿತು. ಪ್ಲೇಗ್ ಇರುವ ಜಾಗದಿಂದ ಬಂದವರು ಹತ್ತಿರದ ಮರ್ಕನ್ ಎಂಬ ಪುಟ್ಟ ದ್ವೀಪದಲ್ಲೋ ತ್ಸಾವ್ತಾತ್ ಎಂಬ ಊರಲ್ಲೋ ಒಂದು ತಿಂಗಳು ಇದ್ದು ಆಮೇಲೆ ಪಟ್ಟಣಕ್ಕೆ ಬರಬೇಕು. ನಿಯಮ ಹೊರಗಿನವರಿಗೂ ಊರಿನವರಿಗೂ ಒಂದೇ. ಪರವಾನಗಿ ಇಲ್ಲದೆ ಅಲ್ಲಿಗೆ ಹೋಗಿಬಂದ ಊರಿನವನೂ ಒಂದು ತಿಂಗಳು ಅಲ್ಲೇ ಇರಬೇಕು. ಮುಂದೆ ಮೂವತ್ತು ದಿನ ನಲವತ್ತಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ 'ಕ್ವಾರಂತಾ', ಅದರಿಂದ ಬಂದದ್ದೇ ಕ್ವಾರಂಟೈನ್. ನಾನು ಮೇಲಿಂದ ಕಂಡ ಲಜರೆತಿಯ ಕಟ್ಟಡ 1590ರಲ್ಲಿ ಶುರುವಾಗಿ 1642ರ ಹೊತ್ತಿಗೆ ಮುಗಿಯಿತು. ಈಗ ಅಲ್ಲಿ ಸಂಗೀತ, ನೃತ್ಯದ ಕಾರ್ಯಕ್ರಮ ನಡೆಯುತ್ತವೆ.

ಕನ್ನಡ ಮೇಷ್ಟ್ರಾದ ನನಗೆ ಈ ಪದದ ಹುಟ್ಟೇ ಸಾಕೆನಿಸಿತು. ಕ್ವಾರಂಟೈನ್ ಎಂಬ ಪದದ ಹೊಟ್ಟೆಯೊಳಗೇ ಒಂದು ಸಂಖ್ಯೆ ಇದೆ. ಕೊನೆಯ ದಿನ ಯಾವುದು ಎಂದು ಪದವೇ ಹೇಳುತ್ತದೆ. ಇನ್ನು 'ಹೊಲಗೇರಿ' ಎಂಬ ಪದದಲ್ಲಿ ಎಷ್ಟು ದಿನ ಇದೆ, ಹುಡುಕಿ ಹೇಳಿ.

ಬಾಬಾಸಾಹೇಬರು 1948ರಲ್ಲಿ ಪ್ರಕಟಿಸಿದ 'ಅಸ್ಪೃಶ್ಯರು' ಪುಸ್ತಕವನ್ನು ಶುರುಮಾಡುವುದೇ ಈ ವ್ಯತ್ಯಾಸದಿಂದ. ಹುಟ್ಟು, ಸಾವು, ಮುಟ್ಟು ಇಂಥ ಸಂದರ್ಭಗಳಲ್ಲಿ ಮೈಲಿಗೆ ಎಣಿಸುವುದು ಪ್ರಪಂಚದ ಬಹಳಷ್ಟು ಹಳೆಯ ಸಮಾಜಗಳಲ್ಲಿ ಇತ್ತು ಎಂದು ಒಪ್ಪಿಕೊಳ್ಳುತ್ತಾರೆ, ಉದಾಹರಣೆ ಕೊಡುತ್ತಾರೆ. ಆದರೆ ಅವೆಲ್ಲ ಗಡುವು ಇದ್ದ ಮೈಲಿಗೆ. ದಿನ ಕಳೆದರೆ, ಸ್ನಾನವೋ ಶಾಸ್ತ್ರವೋ ಆದರೆ, ಮನುಷ್ಯ ಮತ್ತೆ ಎಲ್ಲರೊಳಗೊಬ್ಬ. ಹಿಂದೂ ಸಮಾಜದ ಅಸ್ಪೃಶ್ಯತೆಗೆ ಮಾತ್ರ ಗಡುವಿಲ್ಲ, ಕಳೆಯುವ ಶಾಸ್ತ್ರವಿಲ್ಲ. ಹುಟ್ಟಿನಿಂದ ಬಂದು, ಮಕ್ಕಳಿಗೂ ಹೋಗುತ್ತದೆ. ಊರಾಚೆಯ ಕೇರಿಯನ್ನು ಅವರು ಮುಳ್ಳುತಂತಿಯೊಳಗಿನ ಪಂಜರಕ್ಕೆ ಹೋಲಿಸುತ್ತಾರೆ. ಆ ಕಾಲೇಜಿನವರ ವಾದಕ್ಕೆ ಕೊರೊನಾಕ್ಕಿಂತ ಎಪ್ಪತ್ತು ವರ್ಷ ಮೊದಲೇ ಉತ್ತರ ಬರೆದಿಟ್ಟಿದ್ದಾರೆ.

ಮಹಾಡ್ ನೆನಪು ಮಾಡಿಕೊಳ್ಳಿ. 1927ರ ಮಾರ್ಚ್ 20ರಂದು ನಮ್ಮವರು ಚವದಾರ್ ಕೆರೆಯ ನೀರು ಮುಟ್ಟಿದರು. ಆಮೇಲೆ ಸವರ್ಣೀಯರು ಕೆರೆಯನ್ನು 'ಶುದ್ಧ' ಮಾಡಿದ್ದು ಹೇಗೆ? 108 ಕೊಡ ನೀರು ತೆಗೆದು, ಸಗಣಿ, ಗಂಜಲ, ಹಾಲು, ಮೊಸರು ಕಲಸಿ ಮತ್ತೆ ಕೆರೆಗೇ ಸುರಿದರು! ಇದನ್ನು ಆರೋಗ್ಯಶಾಸ್ತ್ರ ಎನ್ನುವವರು ಆ ನೀರನ್ನು ಕುಡಿದು ತೋರಿಸಲಿ. ಇನ್ನೊಂದು ಗಮನಿಸಿ: ಕೆರೆಗೆ ಮೈಲಿಗೆ ಕಳೆಯುವ ದಾರಿ ಇತ್ತು. ನೀರು ಮುಟ್ಟಿದ ಮನುಷ್ಯನಿಗೆ ಇರಲಿಲ್ಲ.

ಹಾಗಾದರೆ ಬುದ್ಧರು ಯಾರನ್ನೂ ಎಂದೂ ದೂರ ಇಡಲಿಲ್ಲವೇ? ಇಟ್ಟರು. ಇದನ್ನು ನಾವು ಮುಚ್ಚಿಡಬೇಕಿಲ್ಲ. ಮಗಧದಲ್ಲಿ ಕುಷ್ಠ, ಕ್ಷಯ ಮೊದಲಾದ ಐದು ರೋಗ ಹರಡಿದಾಗ, ಜೀವಕನ ಔಷಧಿ ಸಿಗುತ್ತದೆಂದು ಜನ ಚೀವರ ತೊಟ್ಟು ಸಂಘಕ್ಕೆ ಬರತೊಡಗಿದರು. ಜೀವಕನೇ ಬಂದು ಕಷ್ಟ ಹೇಳಿಕೊಂಡ ಮೇಲೆ, ಈ ರೋಗ ಇರುವವರಿಗೆ ಪಬ್ಬಜ್ಜೆ ಕೊಡಬಾರದು ಎಂದು ಬುದ್ಧರು ನಿಯಮ ಮಾಡಿದರು. ವಿನಯದ ಮಹಾವಗ್ಗದಲ್ಲಿದೆ. ತಡೆದದ್ದು ರೋಗವನ್ನು ನೋಡಿ. ಕುಲ ನೋಡಿ ತಡೆದರೇ? ಶಾಕ್ಯ ರಾಜಕುಮಾರರು ಕ್ಷೌರಿಕ ಉಪಾಲಿಯ ಜೊತೆ ಬಂದಾಗ, ತಮ್ಮ ಕುಲದ ಸೊಕ್ಕು ಇಳಿಯಲಿ, ಉಪಾಲಿಗೆ ಮೊದಲು ದೀಕ್ಷೆ ಕೊಡಿ ಎಂದು ಅವರೇ ಕೇಳಿಕೊಂಡರು. ಹಾಗೇ ಆಯಿತು, ರಾಜಕುಮಾರರು ಕ್ಷೌರಿಕನಿಗೆ ತಲೆಬಾಗಿದರು. ಇನ್ನು ಒಳಗಿದ್ದವನಿಗೆ ರೋಗ ಬಂದರೆ? ಹೊಟ್ಟೆಕೆಟ್ಟು ತನ್ನ ಹೇಸಿಗೆಯಲ್ಲೇ ಬಿದ್ದಿದ್ದ ಭಿಕ್ಖುವಿಗೆ ಬುದ್ಧರೇ ನೀರು ಹಾಕಿದರು, ಆನಂದ ತೊಳೆದ. ತಲೆಯ ಕಡೆ ಬುದ್ಧರು, ಕಾಲಿನ ಕಡೆ ಆನಂದ ಹಿಡಿದು ಮಂಚಕ್ಕೆ ಎತ್ತಿದರು.

ಸಂಘದಲ್ಲಿ ಪರಿವಾಸ ಎಂಬ ಪದ್ಧತಿಯೂ ಇದೆ. ಗಂಭೀರ ತಪ್ಪು ಮಾಡಿ ಮುಚ್ಚಿಟ್ಟ ಭಿಕ್ಖು, ಮುಚ್ಚಿಟ್ಟಷ್ಟು ದಿನ ಬೇರೆ ಇರಬೇಕು, ಉಳಿದವರಿಂದ ವಂದನೆ ಪಡೆಯಬಾರದು, ಅವರ ಜೊತೆ ಒಂದೇ ಸೂರಿನಡಿ ಮಲಗಬಾರದು. ಆಮೇಲೆ ಆರು ರಾತ್ರಿಯ ಮಾನತ್ತ. ಅದೂ ಮುಗಿದಮೇಲೆ ಕಡಿಮೆಯೆಂದರೆ ಇಪ್ಪತ್ತು ಭಿಕ್ಖುಗಳು ಸೇರಿ ಅವನನ್ನು ಒಳಗೆ ಕರೆದುಕೊಳ್ಳುತ್ತಾರೆ. ನನಗೆ ಇಲ್ಲಿ ಬಹಳ ಹಿಡಿಸುವುದು ಆ ಇಪ್ಪತ್ತು. ಹೊರಗಿಡುವಾಗ ಎಷ್ಟು ಕಟ್ಟುನಿಟ್ಟೋ, ಒಳಗೆ ಕರೆಯುವಾಗ ಅದಕ್ಕಿಂತ ದೊಡ್ಡ ಏರ್ಪಾಡು.

ಡುಬ್ರೊವ್ನಿಕ್ ಊರನ್ನು ನಾನು ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ಮನುಷ್ಯರನ್ನು ಮಾರುವ ವ್ಯಾಪಾರವನ್ನು 1416ರಲ್ಲೇ ನಿಷೇಧಿಸಿದ ಊರು ಅದು, ಒಪ್ಪೋಣ. ಆದರೆ ಅದೇ ಕೋಟೆಯೊಳಗೆ ಯೆಹೂದಿಗಳನ್ನು ಒಂದು ಬೀದಿಗೆ ಸೇರಿಸಿ ರಾತ್ರಿ ಬಾಗಿಲು ಹಾಕುತ್ತಿದ್ದರು. ಪ್ಲೇಗ್ ಇರುವ ಊರಿಂದ ಬಂದವನಿಗೆ ತಿಂಗಳ ಗಡುವು, ಯೆಹೂದಿಗೆ ಪ್ರತಿ ರಾತ್ರಿ. ಎರಡೂ ಬಾಗಿಲುಗಳನ್ನು ಒಂದೇ ಊರು ಮಾಡಿಸಿತ್ತು.

ಆಳುತ್ತಿದ್ದ ಶ್ರೀಮಂತ ಮನೆತನಗಳ ಕತೆ ಇನ್ನೂ ಹತ್ತಿರದ್ದು. 1332ರಲ್ಲಿ ಮಹಾಸಭೆಯ ಬಾಗಿಲು ಮುಚ್ಚಿಕೊಂಡು, ಹುಟ್ಟಿನಿಂದ ಬಂದವರಿಗಷ್ಟೇ ಜಾಗ ಎಂದರು. ತಮ್ಮ ತಮ್ಮಲ್ಲೇ ಮದುವೆ. 1667ರ ಭೂಕಂಪದಲ್ಲಿ ಊರು ಕುಸಿದು ಎಷ್ಟೋ ಮನೆತನಗಳು ಸೊರಗಿದಾಗ, ಬೇರೆ ದಾರಿಯಿಲ್ಲದೆ ಕೆಲವು ಸಾಮಾನ್ಯ ಮನೆತನಗಳನ್ನು ಮೇಲೆ ಸೇರಿಸಿಕೊಂಡರು. ಸಭೆಯಲ್ಲಿ ಪಕ್ಕ ಕೂರಿಸಿಕೊಂಡರು, ಆದರೆ ಹಳಬರಲ್ಲಿ ಹಲವರು ಹೆಣ್ಣು ಕೊಡಲಿಲ್ಲ, ತರಲಿಲ್ಲ. ಶ್ರೀಮಂತರೇ ಎರಡು ಬಣವಾಗಿ, ಆ ಬಣ ಈ ಬಣದಲ್ಲಿ ಸಂಬಂಧ ಮಾಡದೆ ಕರಗುತ್ತಾ ಬಂದರು. 1808ರಲ್ಲಿ ನೆಪೋಲಿಯನ್ನನ ಕಡೆಯವರು ಗಣರಾಜ್ಯವನ್ನೇ ರದ್ದುಮಾಡಿದರು. ಜಾತಿಯ ಜೀವ ಇರುವುದು ಒಳಮದುವೆಯಲ್ಲಿ ಎಂದು ಬಾಬಾಸಾಹೇಬರು 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಹೇಳಿದ್ದು ಇದನ್ನೇ. ಗೋಡೆ, ಬಾಗಿಲು, ಲೋಟ ಇವು ಕಣ್ಣಿಗೆ ಕಾಣುತ್ತವೆ. ಇವನ್ನೆಲ್ಲ ತೆಗೆದಮೇಲೂ ಬೇಲಿ ನಿಂತಿರುವ ಜಾಗ ಅದು.

ಇಷ್ಟು ಹೇಳಿದಮೇಲೆ ನಮ್ಮ ಗುಂಪಿನ ಒಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಹೋದ ತಿಂಗಳು ಇದೇ ಗುಂಪಿಗೆ ಬಂದ ವಧು-ವರರ ಬಯೋಡೇಟಾಗಳನ್ನು ಎಣಿಸಿದೆ. ಒಂಬತ್ತು. ಒಂಬತ್ತರಲ್ಲೂ ಧರ್ಮ: ಬೌದ್ಧ. ಆರರಲ್ಲಿ ಅದರ ಕೆಳಗೇ 'ಬಲಗೈನವರಾಗಿದ್ದರೆ ಉತ್ತಮ', 'ಎಡಗೈ ಸಮುದಾಯದವರು ಸಂಪರ್ಕಿಸಿ' ಎಂದಿದೆ. ಮನೆಯ ಹಿರಿಯರ ಒತ್ತಾಯ ನನಗೂ ಗೊತ್ತು, ಯಾರ ಹೆಸರನ್ನೂ ಹೇಳುತ್ತಿಲ್ಲ. ಬೌದ್ಧ ಎಂದು ಬರೆದ ಮೇಲಿನ ಸಾಲಿಗೂ ಈ ಸಾಲಿಗೂ ಏನು ಸಂಬಂಧ ಎಂಬುದನ್ನು ಆ ಆರು ಮನೆಯವರು ಬಂದು ನಮ್ಮೆದುರು ಮಾತಾಡಬೇಕು ಎಂಬುದು ನನ್ನ ಕೋರಿಕೆ. ಇಲ್ಲಿ ಉತ್ತರ ಟೈಪ್ ಮಾಡಬೇಡಿ, ಜಗಳವಾಗುತ್ತದೆ. ಎದುರಿಗೆ ಕೂತು ಮಾತಾಡೋಣ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ವಂದನೆ, ನಂತರ ಅಧ್ಯಯನ. 'ಅಸ್ಪೃಶ್ಯರು' ಪುಸ್ತಕದ ಮೊದಲ ಎರಡು ಅಧ್ಯಾಯ ಓದಿಕೊಂಡು ಬನ್ನಿ. ಪುಸ್ತಕ ಇಲ್ಲದವರು ತಿಳಿಸಿ, ನನ್ನ ಬಳಿ ಮೂರು ಪ್ರತಿ ಇವೆ. ಪ್ರಶ್ನೆ ಕೇಳಿದ ಹುಡುಗ ಆ ಕಾಲೇಜಿನವರನ್ನೂ ಕರೆತರಲಿ, ಚಹಾ ಎಲ್ಲರಿಗೂ ಒಂದೇ ಲೋಟದಲ್ಲಿ.

ಜೈ ಭೀಮ್.