ಲುಪ್ತಾಕ್ಷರಗಳು ಕಲಿಸುವ ಪಾಠ

ಕನ್ನಡವನ್ನು ನುಡಿದಂತೆ ಬರೆಯಬಹುದು, ಬರೆದಂತೆ ಓದಬಹುದು ಎಂಬುದು ಲೋಕರೂಢಿಯ ಮಾತು. ಇದು ಬಹುಮಟ್ಟಿಗೆ ದಿಟವೇ ಸರಿ. ಆದರೆ ಲಿಪಿಯು ಧ್ವನಿಯ ಪ್ರತಿಬಿಂಬವಲ್ಲ. ನುಡಿವವರು ತಮ್ಮೊಳಗೆ ಒಪ್ಪಿಕೊಂಡ ಸಂಕೇತ. ನುಡಿ ಬದಲಾದಂತೆ ಈ ಒಪ್ಪಂದವೂ ಬದಲಾಗುತ್ತದೆ. ಹಳಗನ್ನಡದ ಱ ಮತ್ತು ೞ ಎಂಬ ಅಕ್ಷರಗಳ ಇತಿಹಾಸವು ಇದಕ್ಕೆ ಉತ್ತಮ ನಿದರ್ಶನ.

ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡಕ್ಕೆ 47 ಅಕ್ಷರಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಎ, ಒ, ಱ, ೞ, ಳ ಎಂಬ ಐದು ದೇಶೀಯಗಳು. ಱ ಶಕಟರೇಫವೆಂದೂ ೞ ರಳವೆಂದೂ ವೈಯಾಕರಣರಲ್ಲಿ ಪ್ರಸಿದ್ಧ. ರಳವುಳ್ಳ ಪದಗಳನ್ನು ಆತನು ಪಟ್ಟಿಮಾಡಿ ಕೊಟ್ಟಿರುವುದನ್ನು ನೋಡಿದರೆ, ಅವುಗಳನ್ನು ಗುರುತಿಸಲು ಆ ಕಾಲಕ್ಕಾಗಲೇ ಕಿವಿಯೊಂದೇ ಸಾಲದಾಗಿತ್ತೆಂದು ಊಹಿಸಬಹುದು.

ಈ ಅಕ್ಷರಗಳು ಕೇವಲ ಅಲಂಕಾರಕ್ಕಾಗಿ ಇದ್ದವಲ್ಲ, ಅರ್ಥಭೇದಕ್ಕೆ ಆಧಾರವಾಗಿದ್ದವು. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಕತ್ತಿ. ಆೞ್ ಎಂದರೆ ಮುಳುಗು, ಆಳ್ ಎಂದರೆ ಒಡೆತನ ನಡೆಸು. ಮಾತಿನಲ್ಲಿ ಱಕಾರವು ರಕಾರದಲ್ಲಿಯೂ ೞಕಾರವು ಳಕಾರದಲ್ಲಿಯೂ ಬೆರೆತುಹೋಗಲು, ಬರವಣಿಗೆಯೂ ಅದನ್ನೇ ಅನುಸರಿಸಿತು. ತಮಿಳು, ಮಲಯಾಳಗಳಲ್ಲಿ ರಳದ ಧ್ವನಿ ಇಂದಿಗೂ ಜೀವಂತವಾಗಿದೆ. ತಮಿಳರು ತಮ್ಮ ಭಾಷೆಯ ಹೆಸರನ್ನು ಬರೆಯುವಾಗ ಕೊನೆಗೆ ಬರುವುದು ಅದೇ ಅಕ್ಷರ.

ಲೋಪವಾದ ಧ್ವನಿಯು ಗುರುತನ್ನೇನೂ ಬಿಡದೆ ಹೋಗಲಿಲ್ಲ. ‘ಏಳು’ ಎಂಬುದಕ್ಕೆ ‘ಹತ್ತು’ ಸೇರಿದರೆ ‘ಎಪ್ಪತ್ತು’ ಏಕಾಗಬೇಕು, ಳಕಾರವೆಲ್ಲಿ ಹೋಯಿತು ಎಂದು ಬಾಲಕನೊಬ್ಬನು ಕೇಳಿದರೆ ಇಂದಿನ ಕಾಗುಣಿತದಲ್ಲಿ ಉತ್ತರವಿಲ್ಲ. ಏೞು ಎಂಬ ಮೂಲರೂಪವನ್ನು ಬಲ್ಲವನಿಗೆ ಉತ್ತರ ಸುಲಭ: ಎೞ್ಪತ್ತು ಎರ್ಪತ್ತಾಗಿ, ಎರ್ಪತ್ತು ಎಪ್ಪತ್ತಾಯಿತು. ಕೞ್ತೆಯು ಕತ್ತೆಯಾದುದೂ ಇದೇ ಮಾರ್ಗದಿಂದ.

ಇನ್ನು ಉಳಿದಿರುವ ಅಕ್ಷರಗಳಾದರೂ ಎಲ್ಲ ಧ್ವನಿಗಳನ್ನೂ ಬೇರೆಬೇರೆಯಾಗಿ ತೋರುವುದಿಲ್ಲ. ಅಂಕ, ಅಂಚೆ, ಅಂಟು, ಅಂದ, ಅಂಬು ಎಂಬಲ್ಲಿ ಬರೆಯುವ ಬಿಂದು ಒಂದೇ. ಅದರ ಉಚ್ಚಾರಣೆಯಾದರೋ ಮುಂದಿನ ವರ್ಗಾಕ್ಷರಕ್ಕೆ ತಕ್ಕಂತೆ ಐದು ಬಗೆ. ಹಳೆಯ ಶಾಸನಗಳಲ್ಲಿ ‘ಕೊಡು’ ಮತ್ತು ‘ಕೋಡು’ ಎಂಬವುಗಳಿಗೆ ಬರಹದಲ್ಲಿ ಭೇದವಿರಲಿಲ್ಲ; ಓದುವವನೇ ಸಂದರ್ಭವರಿತು ಹ್ರಸ್ವದೀರ್ಘಗಳನ್ನು ನಿರ್ಣಯಿಸಬೇಕಾಗಿತ್ತು. ಲಿಪಿಯು ಬಿಟ್ಟುದನ್ನು ತುಂಬುವುದು ಓದುಗನ ಭಾಷಾಜ್ಞಾನ.

ಗಣಕಯಂತ್ರದ ಯುಗದಲ್ಲಿಯೂ ಈ ಮಾತು ಸುಳ್ಳಾಗಿಲ್ಲ. ಜಗತ್ತಿನ ಲಿಪಿಗಳಿಗೆ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಕೋಷ್ಟಕದಲ್ಲಿ ೞಕಾರಕ್ಕೆ ಸ್ಥಾನವುಂಟು. ಆದರೆ ಅದಕ್ಕೆ ಇಟ್ಟ ಹೆಸರು ಪ್ರಮಾದವಶಾತ್ ‘ಫ’ ಎಂದಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪು ಹಾಗೆಯೇ ಉಳಿದಿದೆ. ಅಕ್ಷರದ ರೂಪ ಉಳಿದರೂ ಅದರ ಅರಿವು ಅಳಿದರೆ ಆಗುವ ಗತಿ ಇದು.

ಆದುದರಿಂದ ಪ್ರೌಢಶಾಲೆಯಲ್ಲಿ ಹಳಗನ್ನಡ ಪದ್ಯವನ್ನು ಬೋಧಿಸುವ ಮೊದಲು ಉಪಾಧ್ಯಾಯರು ಈ ಎರಡು ಅಕ್ಷರಗಳಿಗೆ ಒಂದು ಗಂಟೆಯನ್ನಾದರೂ ಮೀಸಲಿಡುವುದು ಯುಕ್ತ. ಅವುಗಳನ್ನು ರ, ಳ ಎಂದೇ ಓದಿ ಮುಂದೆ ಸಾಗಿದರೆ ಬಾಳಿಗೂ ಕತ್ತಿಗೂ ಭೇದವುಳಿಯದು. ಮಕ್ಕಳ ಕಾಗುಣಿತದ ತಪ್ಪನ್ನು ತಿದ್ದುವಾಗಲೂ ಅದು ಕಿವಿಯ ತಪ್ಪೋ ಕೈಯ ತಪ್ಪೋ ಎಂದು ಮೊದಲು ವಿವೇಚಿಸಬೇಕು. ಕಿವಿ ಕೇಳುವುದು ಇಂದಿನ ನುಡಿಯನ್ನು. ಕೈ ಬರೆಯುವುದು ಹಿರಿಯರು ಒಪ್ಪಿದ ಸಂಕೇತವನ್ನು. ಇವೆರಡನ್ನು ಕೂಡಿಸುವುದೇ ಭಾಷಾಬೋಧಕನ ಕರ್ತವ್ಯ.